ಮೆನಿಕ್ ಬಾಯಿಂದ ಮಿಡತೆ ಎಳೆದ ಬಗ್ಗೆ

ನನ್ನ ಹೆಸರು ರುಬಿಯಾಂತಿ, ಗಂಡನ ಹೆಸರು ವಾರ್ತೊನೊ, ವಯಸ್ಸು ನಲವತ್ತಮೂರು, ಕಸುಬು ಜನ ಮನೆಯಲ್ಲಿ ಸಾಕುವ ಓತಿಕ್ಯಾತ, ಹಲ್ಲಿ, ಗೋಸುಂಬೆ, ಕಪ್ಪೆಗಳಿಗೆ ಜೀವಂತ ಹುಳು ಬೆಳೆಸಿ ಮಾರುವುದು, ವಾಸ ಸುಂಬೆರ್‌ಜಾತಿ ಹಳ್ಳಿ, ಮೂರನೇ ಓಣಿ, ಮಸೀದಿಯ ಹಿಂದಿನ ನೀಲಿ ಬಾಗಿಲಿನ ಮನೆ, ಗುನುಂಗ್‌ಕಿದುಲ್ ಜಿಲ್ಲೆ, ಜಾವಾ. ಈ ಮೂಲಕ ತಿಳಿಸುವುದೇನೆಂದರೆ, ಈ ದಿನ ವೊನೋಸಾರಿ ಪಟ್ಟಣದ ಸಭಾಂಗಣದಲ್ಲಿ ನಡೆದ ಗಡ್ಡದ ಓತಿಗಳ ಸ್ಪರ್ಧೆಯಲ್ಲಿ ನಾವೆಲ್ಲ ಗೌರವದಿಂದ ಪಾಕ್ ಎಂದು ಕರೆಯುವ ತುಕಿರಾನ್ ಎಂಬವರ ಮೆನಿಕ್ ಎಂಬ ಹೆಣ್ಣು ಓತಿಯ ಬಾಯಿಗೆ ಬೆರಳು ಹಾಕಿ ಮಿಡತೆಯನ್ನು ಕಿತ್ತುಕೊಂಡವಳು ನಾನೇ. ಹುಳುವಿನ ಡಬ್ಬಿಯ ಮೇಲೆ ಕೂತವಳೂ ನಾನೇ. ಅವೆರಡನ್ನೂ ನಾನು ಅಲ್ಲಗಳೆಯುವುದಿಲ್ಲ. ಯಾಕೆ ಮಾಡಿದೆ ಎಂಬುದನ್ನು ಮಾತ್ರ ಪೂರ್ತಿ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ.

ಹದಿನಾಲ್ಕು ವರ್ಷಗಳಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಚಿಮ್ಮಂಡೆ, ಹಿಟ್ಟಿನ ಹುಳು, ಮೇಣದ ಹುಳು ಇವನ್ನು ನನ್ನ ಮನೆಯ ಹಿತ್ತಿಲಲ್ಲೇ ಬೆಳೆಸುತ್ತೇನೆ. ಕಾಡಿನಿಂದ ತರಿಸುವುದು ಮಿಡತೆ ಒಂದೇ. ಯಾವ ಪ್ರಾಣಿಗೆ ಯಾವ ಹುಳು, ಎಷ್ಟು ದೊಡ್ಡದು, ಎಷ್ಟು ಎಂದು ಗಿರಾಕಿಗಳು ನನ್ನನ್ನು ಕೇಳಿಯೇ ಕೊಳ್ಳುತ್ತಾರೆ. ಹುಳು ಪ್ರಾಣಿಯ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದೊಡ್ಡದಿರಬಾರದು. ಮೇಣದ ಹುಳು ಬರೀ ಕೊಬ್ಬು, ರುಚಿ ಹತ್ತಿದರೆ ಹಲ್ಲಿ ಬೇರೇನನ್ನೂ ಮುಟ್ಟುವುದಿಲ್ಲ. ಮಕ್ಕಳಿಗೆ ಮಿಠಾಯಿ ಕೊಟ್ಟು ಕೆಡಿಸುವವರು ಹಲ್ಲಿಗೂ ಅದನ್ನೇ ಕೊಟ್ಟು ಕೆಡಿಸುತ್ತಾರೆ. ಇದೆಲ್ಲ ಬೇಡವೆಂದು ಬರೆದುಕೊಳ್ಳುತ್ತಿರುವ ಅಧಿಕಾರಿಗಳು ಹೇಳಿದರು. ಬೇಕೇ ಬೇಕೆಂದು ನಾನು ಹೇಳಿದ್ದೇನೆ, ಏಕೆಂದರೆ ನನ್ನ ಮೇಲಿನ ದೂರು ಹುಳುವಿನದೇ.

ಸ್ಪರ್ಧೆಯ ಸಮಿತಿಯ ಅಧ್ಯಕ್ಷರು ಪಾಕ್ ಹೆಂದಾರ್ತೊ, ಪಟ್ಟಣದಲ್ಲಿ ಪೀಠೋಪಕರಣದ ಅಂಗಡಿ ಇಟ್ಟಿರುವವರು. ಈ ತಿಂಗಳ ಮೊದಲ ವಾರ ಅವರು ನನ್ನ ಮನೆಗೆ ಬಂದು, ಈ ವರ್ಷ ಬೇಟೆಯ ಸುತ್ತು ಎಂದು ಹೊಸದೊಂದನ್ನು ಇಟ್ಟಿರುವುದಾಗಿಯೂ, ಪ್ರತಿ ಓತಿಯ ಮುಂದೆ ಮೂರು ಹುಳು ಬಿಟ್ಟು ಎಷ್ಟು ಬೇಗ ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ಅಂಕ ಕೊಡುವುದಾಗಿಯೂ ಹೇಳಿದರು. ಯಾವ ಹುಳು ಒಳ್ಳೆಯದೆಂದು ಕೇಳಿದರು. ಚಿಮ್ಮಂಡೆ ಗಾಜಿನ ಮೂಲೆಗೆ ಹೋಗಿ ಅಡಗುತ್ತದೆ, ಹಿಟ್ಟಿನ ಹುಳು ಬಿದ್ದಲ್ಲೇ ಹೊರಳುತ್ತದೆ, ನೋಡುವ ಜನಕ್ಕೆ ಏನೂ ಕಾಣುವುದಿಲ್ಲ, ಜಿಗಿಯುವುದು ಬೇಕಿದ್ದರೆ ತೇಗದ ಕಾಡಿನ ಮಿಡತೆಯೇ ಸರಿ ಎಂದು ಹೇಳಿದವಳು ನಾನು. ಈ ಆಯ್ಕೆ ನನ್ನದು. ಇಪ್ಪತ್ತನಾಲ್ಕು ಓತಿಗೆ ಮೂರರಂತೆ ಎಪ್ಪತ್ತೆರಡು, ತಪ್ಪಿಸಿಕೊಂಡು ಹೋಗುವುದಕ್ಕೆಂದು ಇನ್ನಷ್ಟು, ಒಟ್ಟು ನೂರಾ ಇಪ್ಪತ್ತು ಎಂದು ಮಾತಾಯಿತು.

ಶುಕ್ರವಾರ ದಿನಾಂಕ 16ರಂದು ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ, ನನಗೆ ಒಂಬತ್ತು ವರ್ಷಗಳಿಂದ ಮಿಡತೆ ಹಿಡಿದು ಕೊಡುವ ಪಾರ್ಜೊ ಎಂಬವನು ಎರಡು ಬಲೆ ಚೀಲದಲ್ಲಿ ಸುಮಾರು ಮುನ್ನೂರು ಮಿಡತೆ ತಂದುಕೊಟ್ಟನು. ತೇಗದ ಕಾಡಿನದ್ದೇ ತಾನೆ ಎಂದು ನಾನು ಕೇಳಿದೆ. ಹೌದೆಂದನು. ತೇಗದ ಎಲೆಗೆ ಯಾರೂ ಔಷಧಿ ಹೊಡೆಯುವುದಿಲ್ಲ. ಹೊಲದ ಮಿಡತೆ ನೋಡುವುದಕ್ಕೆ ಹಾಗೇ ಇರುತ್ತದೆ, ಒಳಗೆ ಏನು ತಿಂದಿದೆ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ನಾನು ಬಾಯಿ ಮಾತನ್ನು ನಂಬದೆ ಪ್ರತಿ ಸಲವೂ ಹತ್ತು ಮಿಡತೆಯನ್ನು ನನ್ನ ಒಂದು ಹೇಂಟೆಗೆ ತಿನ್ನಿಸಿ, ಮರುದಿನ ಅದರ ಜುಟ್ಟು ಕೆಂಪಗಿದೆಯೇ, ಕೆದಕುತ್ತಿದೆಯೇ ಎಂದು ನೋಡಿ, ಆಮೇಲೆ ಮಾರುತ್ತೇನೆ. ಆ ಶುಕ್ರವಾರವೂ ಬೆಳಿಗ್ಗೆ 7 ಗಂಟೆಗೆ ಕೆಂಪು ಹೇಂಟೆಗೆ ಹತ್ತು ಮಿಡತೆ ಎಣಿಸಿ ಹಾಕಿದೆ. ಹತ್ತನ್ನೂ ತಿಂದಿತು. ಉಳಿದವನ್ನು ಬಲೆಯ ಗೂಡಿನಲ್ಲಿ ಮರಗೆಣಸಿನ ಎಲೆ ಕೊಟ್ಟು ಇಟ್ಟೆ.

ಶನಿವಾರ ಬೆಳಿಗ್ಗೆ 5 ಗಂಟೆ 30 ನಿಮಿಷದ ಬಸ್ಸಿಗೆ ನಾನು ಯೋಗ್ಯಕರ್ತಾಕ್ಕೆ ಹೋದೆ. ಚಿಮ್ಮಂಡೆಯ ಹನ್ನೆರಡು ಪೆಟ್ಟಿಗೆ ತಲುಪಿಸಿ, ಓತಿಯ ಮೂಳೆ ಗಟ್ಟಿಯಾಗಲೆಂದು ಹುಳುವಿನ ಮೇಲೆ ಉದುರಿಸುವ ಕ್ಯಾಲ್ಸಿಯಂ, ಅಂದರೆ ಸುಣ್ಣದ ಪುಡಿ ಕೊಂಡು ಸಂಜೆ 7 ಗಂಟೆಗೆ ಮನೆಗೆ ಬಂದೆ. ಕೋಳಿಗಳು ಗೂಡು ಸೇರಿದ್ದವು. ನಾನು ಗೂಡು ತೆರೆದು ನೋಡಲಿಲ್ಲ. ಈ ದಿನ ಭಾನುವಾರ ಬೆಳಿಗ್ಗೆ ಮಿಡತೆಯ ಗೂಡಿನಲ್ಲಿ ಒಂಬತ್ತು ಸತ್ತಿದ್ದವು. ಜಾಗ ಇಕ್ಕಟ್ಟಾಗಿ ಸತ್ತಿರಬೇಕೆಂದುಕೊಂಡೆ. ಸಮಿತಿಯ ಹುಡುಗಿಯೊಬ್ಬಳು ಗೊತ್ತುಪಡಿಸಿದ್ದ ಹೊತ್ತಿಗಿಂತ ಒಂದು ಗಂಟೆ ಮೊದಲೇ, 6 ಗಂಟೆ 25 ನಿಮಿಷಕ್ಕೆ, ಸ್ಕೂಟರಿನಲ್ಲಿ ಬಂದು ಹಾರ್ನ್ ಹೊಡೆದಳು. ನಾನು ನೂರಾ ಇಪ್ಪತ್ತು ಎಣಿಸಿ ಡಬ್ಬಿಗೆ ಹಾಕಿ ಕೊಟ್ಟೆ. ಹೇಂಟೆಯನ್ನು ನೋಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಹೇಂಟೆಯನ್ನು ನೋಡದೆ ಮಿಡತೆ ಕೊಟ್ಟದ್ದು ಅದೊಂದೇ ದಿನ. ನನ್ನ ತಪ್ಪು ಅದು, ಬೇರೆ ಯಾರದೂ ಅಲ್ಲ ಎಂದು ಬರೆದುಕೊಳ್ಳಬೇಕು.

ಮಧ್ಯಾಹ್ನ 12 ಗಂಟೆ 50 ನಿಮಿಷಕ್ಕೆ ನಾನು, ನನ್ನ ಗಂಡ ಮತ್ತು ಅತ್ತೆ ಸಾಕಿನೆಮ್ ಊಟಕ್ಕೆ ಕೂತೆವು. ತೆಂಗಿನ ಹಾಲು ಹಾಕಿದ ಕೋಳಿ ಸಾರು ಮಾಡಿದ್ದರು. ಹಬ್ಬವಿಲ್ಲ, ನೆಂಟರಿಲ್ಲ, ಯಾವ ಕೋಳಿ ಇದು ಎಂದು ನಾನು ಕೇಳಿದೆ. ಅತ್ತೆಯವರು ಹೇಳಿದ್ದನ್ನು ಹೇಳಿದಂತೆಯೇ ಬರೆಸುತ್ತೇನೆ: "ಅದೇ ಕಣೆ, ಕೆಂಪು ಹೇಂಟೆ. ನಿನ್ನೆ ಬೆಳಿಗ್ಗೆಯಿಂದ ತೂಕಡಿಸ್ತಾ ಕೂತಿತ್ತು, ಬಾಯಲ್ಲಿ ಜೊಲ್ಲು ಬೇರೆ. ತಾನಾಗೇ ಸತ್ತಿದ್ರೆ ಹರಾಮ್ ಆಗಿ ಮಣ್ಣುಪಾಲಾಗ್ತಿತ್ತು. ಅದಕ್ಕೇ ಜೀವ ಇರೋವಾಗ್ಲೇ ಬಿಸ್ಮಿಲ್ಲಾ ಹೇಳಿಸಿ ಕುಯ್ಸಿಬಿಟ್ಟೆ. ಯಾಕೆ, ಉಪ್ಪು ಜಾಸ್ತಿ ಆಯ್ತಾ?"

ನಮ್ಮ ಕಡೆ ಮಂಕಾದ ಕೋಳಿಯನ್ನು ಎಲ್ಲರೂ ಹೀಗೇ ಮಾಡುತ್ತಾರೆ, ಅತ್ತೆಯವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆ ಹೇಂಟೆ ಯಾವುದಕ್ಕೆ ಇಟ್ಟದ್ದೆಂದು ಅವರಿಗೆ ನಾನು ಯಾವತ್ತೂ ಹೇಳಿರಲಿಲ್ಲ. ನನ್ನ ಗಂಡ ಬಾಯಲ್ಲಿದ್ದ ತುಂಡನ್ನು ತಟ್ಟೆಗೆ ಉಗಿದರು. ಅತ್ತೆಯವರು ಶನಿವಾರವೇ ಎರಡು ತುಂಡು ತಿಂದಿದ್ದರಂತೆ. ಅವರಿಗೆ ಏನೂ ಆಗಿಲ್ಲ, ಈ ಹೊತ್ತಿಗೂ ಬಾಯಿ ಜೋರಾಗಿಯೇ ಇದೆ. ಆದರೆ ನನಗೆ ಸ್ಪರ್ಧೆಯ ಓತಿಗಳ ನೆನಪಾಯಿತು. ಒಂದೂವರೆ ಕಿಲೋ ತೂಗುವ ಹೇಂಟೆಯನ್ನು ಹತ್ತು ಮಿಡತೆ ಮಲಗಿಸಿದರೆ, ನಾನೂರು ಗ್ರಾಂ ತೂಗುವ ಓತಿಯನ್ನು ಮೂರು ಮಿಡತೆ ಏನು ಮಾಡೀತೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಬೇಟೆಯ ಸುತ್ತು ಮಧ್ಯಾಹ್ನದ ನಮಾಜು, ಊಟ ಮುಗಿದ ಮೇಲೆ 1 ಗಂಟೆ 30 ನಿಮಿಷಕ್ಕೆ ಎಂದು ಸ್ಪರ್ಧೆಯ ಕಾರ್ಯಕ್ರಮದ ಚೀಟಿಯಲ್ಲಿ ಅಚ್ಚಾಗಿತ್ತು. ಗೋಡೆ ಗಡಿಯಾರದಲ್ಲಿ ಆಗ 12 ಗಂಟೆ 54 ನಿಮಿಷ. ನನ್ನ ಮನೆಯಿಂದ ಸಭಾಂಗಣಕ್ಕೆ ಹದಿನಾಲ್ಕು ಕಿಲೋಮೀಟರ್, ಅರ್ಧ ದಾರಿ ಏರು.

ಪಾಕ್ ಹೆಂದಾರ್ತೊ ಅವರಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಪಾಕ್ ತುಕಿರಾನ್ ಅವರಿಗೆ ಎರಡು ಸಲ ಮಾಡಿದೆ. ಅವರು ಶಾಲೆಯ ಮಿನಿಬಸ್ಸು ಓಡಿಸುವವರು, ಫೋನನ್ನು ಯಾವಾಗಲೂ ಬಸ್ಸಿನಲ್ಲೇ ಬಿಡುತ್ತಾರೆ. ಓತಿ ಸಾಕುವವರ ವಾಟ್ಸಾಪ್ ಗುಂಪಿಗೆ ಬರೆಯಲು ಹೋದೆ. ಸ್ಪರ್ಧೆಯ ದಿನ ಜಗಳ ಬೇಡವೆಂದು ಸಮಿತಿಯವರ ಹೊರತು ಯಾರೂ ಬರೆಯದಂತೆ ಅದಕ್ಕೆ ಬೀಗ ಹಾಕಿದ್ದರು. ಉಳಿದ ಮಿಡತೆಗೆಲ್ಲ ಕುದಿಯುವ ನೀರು ಸುರಿದು ಮಣ್ಣಿನಲ್ಲಿ ಹೂಳುವಂತೆಯೂ, ನಮ್ಮ ಕಡೆ ಮಿಡತೆ ಹುರಿದು ತಿನ್ನುವ ರೂಢಿಯಿರುವುದರಿಂದ ಅತ್ತೆಯವರು ಅವನ್ನು ಹುರಿಯದಂತೆ ಪಕ್ಕದಲ್ಲೇ ನಿಂತು ಕಾಯುವಂತೆಯೂ, ಪಾರ್ಜೊನನ್ನು ಹುಡುಕಿ ಸತ್ಯ ಹೇಳಿಸುವಂತೆಯೂ ಗಂಡನಿಗೆ ಹೇಳಿ, 12 ಗಂಟೆ 59 ನಿಮಿಷಕ್ಕೆ ಬೈಕ್ ಹತ್ತಿದೆ. ಕೈಯನ್ನೂ ತೊಳೆದಿರಲಿಲ್ಲ.

ಆರನೇ ಕಿಲೋಮೀಟರಿನ ಹತ್ತಿರ ರಸ್ತೆಗೆ ಅಡ್ಡಲಾಗಿ ಮದುವೆಯ ಶಾಮಿಯಾನ ಹಾಕಿದ್ದರು. ಸುತ್ತಿಕೊಂಡು ಹೋದರೆ ಎರಡು ಕಿಲೋಮೀಟರ್ ಮುನ್ನೂರು ಮೀಟರ್ ಹೆಚ್ಚು. ಆಗ 1 ಗಂಟೆ 11 ನಿಮಿಷ. ನಾನು ಬೈಕಿನಿಂದ ಇಳಿಯದೆ ಒಂದನೇ ಗೇರಿನಲ್ಲಿ ಶಾಮಿಯಾನದ ಒಳಗೇ ಹೋದೆ. ಕುರ್ಚಿಗಳ ಮಧ್ಯೆ ದಾರಿ ಬಿಡಿ ದಾರಿ ಬಿಡಿ ಎಂದು ಕೂಗುತ್ತಾ ಹೋದೆ. ಹಾಡುತ್ತಿದ್ದ ಹೆಂಗಸು ಹಾಡು ನಿಲ್ಲಿಸಿದಳು. ಮದುಮಗನ ತಂದೆ ಅಡ್ಡ ನಿಂತು, ಎಲ್ಲಿಗಮ್ಮ ಇಷ್ಟು ಅವಸರ, ಊಟ ಮಾಡಿ ಹೋಗಿ ಎಂದರು. ನಾನು ಹುಳುವಿನ ವಿಷಯ ಸಾರ್, ಜೀವ ಹೋಗುತ್ತದೆ ಎಂದೆ. ಅವರಿಗೇನೂ ಅರ್ಥವಾದಂತೆ ಕಾಣಲಿಲ್ಲ, ಆದರೂ ಇಬ್ಬರನ್ನು ಕರೆದು ಕುರ್ಚಿ ಎತ್ತಿಸಿ ದಾರಿ ಮಾಡಿಸಿಕೊಟ್ಟರು. ಒಂದು ಹೂಕುಂಡ ಬಿದ್ದು ಒಡೆದಿದೆ. ಅದರ ಬೆಲೆಯನ್ನು ನಾನು ಕಟ್ಟಿಕೊಡುತ್ತೇನೆ. ಆ ಹುಡುಗಿ ಹುಡುಗ ಚೆನ್ನಾಗಿ ಬಾಳಲಿ.

ಸಭಾಂಗಣಕ್ಕೆ ತಲುಪಿದಾಗ 1 ಗಂಟೆ 32 ನಿಮಿಷ. ಬೈಕನ್ನು ಮೆಟ್ಟಿಲ ಮೇಲೆ ಹಾಗೇ ಬೀಳಿಸಿ ಒಳಗೆ ಓಡಿದೆ. ಸುಮಾರು ಇನ್ನೂರು ಜನ ಎದ್ದು ನಿಂತಿದ್ದರು. ಧ್ವನಿವರ್ಧಕದಲ್ಲಿ ಬೇಟೆಯ ಸುತ್ತು ಶುರು, ದೊಡ್ಡ ಗಾತ್ರದ ವಿಭಾಗ, ಮೊದಲನೆಯವಳು ಮೆನಿಕ್ ಎಂದು ಕೂಗುತ್ತಿದ್ದರು. ಬಾಗಿಲಿನಿಂದ ಗಾಜಿನ ಕಣಕ್ಕೆ ಹತ್ತೊಂಬತ್ತು ಹೆಜ್ಜೆ. ಆಮೇಲೆ ಪೊಲೀಸಿನವರ ಮುಂದೆಯೇ ಅಳೆದಿದ್ದೇನೆ. ಜನರ ಹೆಗಲ ಮಧ್ಯೆ ನುಗ್ಗುತ್ತಾ ನಿಲ್ಲಿಸಿ ಎಂದು ಕೂಗಿದೆ. ಜನ ನನಗಿಂತ ಜೋರಾಗಿ ಮೆನಿಕ್ ಮೆನಿಕ್ ಎಂದು ಕೂಗುತ್ತಿದ್ದರು. ತೀರ್ಪುಗಾರರು ಮೂರು ಮಿಡತೆ ಬಿಟ್ಟು ಗಡಿಯಾರ ಒತ್ತಿದರು.

ಮೆನಿಕ್ ಅನ್ನು ನಾನು ಬೆರಳಿನಷ್ಟು ಉದ್ದ ಇದ್ದಾಗಿನಿಂದ ಬಲ್ಲೆ. ಅವಳ ಮೊದಲ ಚಿಮ್ಮಂಡೆ ನನ್ನ ಪೆಟ್ಟಿಗೆಯದು. ಅವಳು ತಲೆ ಓರೆ ಮಾಡಿ ಒಂದು ಕ್ಷಣ ನೋಡಿ ಆಮೇಲೆ ಹಾರುತ್ತಾಳೆ. ಆ ಒಂದು ಕ್ಷಣದಲ್ಲಿ ನಾನು ಗಾಜಿನ ಹತ್ತಿರ ಬಂದೆ. ಅವಳು ಹಾರಿ ಹಿಡಿದಳು. ಎಂಥ ಹಿಡಿತವೆಂದರೆ, ನೋಡಿದವರು ಯಾರೂ ಮರೆಯುವುದಿಲ್ಲ, ನಾನೂ ಒಂದು ಗಳಿಗೆ ಭೇಷ್ ಎಂದುಕೊಂಡೆ. ಆಮೇಲೆ ಎಡಗೈಯಿಂದ ಅವಳ ದವಡೆ ಒತ್ತಿ ಬಲಗೈಯ ಎರಡು ಬೆರಳು ಒಳಗೆ ಹಾಕಿ ಮಿಡತೆಯನ್ನು ಎಳೆದೆ. ಅವಳು ಕಚ್ಚಿದಳು. ತೋರುಬೆರಳಿಗೆ ಐದು ಹಲ್ಲಿನ ಗುರುತು ಬಿದ್ದಿದೆ, ಅಧಿಕಾರಿಗಳು ನೋಡಿದ್ದಾರೆ. ಮಿಡತೆ ಪೂರ್ತಿ ಹೊರಗೆ ಬಂತು. ಒಂದು ಹಿಂಗಾಲು ಮಾತ್ರ ಬರಲಿಲ್ಲ, ಅದನ್ನು ಅವಳು ನುಂಗಿದಳು. ಉಳಿದ ಎರಡು ಮಿಡತೆಯನ್ನು ಚಪ್ಪಲಿಯಿಂದ ಹೊಡೆದೆ. ಮೇಜಿನ ಮೇಲಿದ್ದ ಡಬ್ಬಿಯ ಮುಚ್ಚಳ ಒತ್ತಿ, ನೆಲಕ್ಕಿಟ್ಟು, ಅದರ ಮೇಲೆ ಕೂತೆ.

ಆಗ ಗಲಾಟೆಯಾಯಿತು. ಯಾರೋ ನನ್ನ ತಲೆಯ ಬಟ್ಟೆ ಎಳೆದರು, ಯಾರೋ ನೀರಿನ ಬಾಟಲಿ ಎಸೆದರು, ಯಾರೆಂದು ಗೊತ್ತಿಲ್ಲ, ಅವರ ಮೇಲೆ ನನ್ನ ದೂರಿಲ್ಲ. ಪಾಕ್ ತುಕಿರಾನ್ ಮೆನಿಕ್‌ಳನ್ನು ಅಂಗಿಯೊಳಗೆ ಇಟ್ಟುಕೊಂಡು ಎರಡೂ ಕೈಯಿಂದ ಅವುಚಿ ಹಿಡಿದಿದ್ದರು. ಐವತ್ತೆಂಟು ವರ್ಷದ ಮನುಷ್ಯ. ತಾನು ಎರಡು ವರ್ಷ ಇವಳಿಗಾಗಿ ಬೇರೆಲ್ಲೂ ಹುಳು ಕೊಳ್ಳಲಿಲ್ಲವೆಂದೂ, ತನ್ನ ಬೆನ್ನಿಗೆ ಚೂರಿ ಹಾಕುವುದಕ್ಕೆ ನಾನೇ ಬೇಕಿತ್ತೇ ಎಂದೂ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು, ಅವರ ಮೇಲಲ್ಲ, ನನ್ನ ಮೇಲೆ.

ನಾನು ಧ್ವನಿವರ್ಧಕ ಕೇಳಿದೆ. ಕೊಡಲಿಲ್ಲ. ಕೂತಲ್ಲಿಂದಲೇ ಕೂಗಿ ಹೇಳಿದೆ: "ಈ ಮಿಡತೆ ನಾನೇ ಕೊಟ್ಟದ್ದು. ಇದರಲ್ಲಿ ವಿಷ ಇದೆ. ನಾನು ನೋಡದೆ ಕೊಟ್ಟೆ. ಯಾರೂ ನಿಮ್ಮ ಪ್ರಾಣಿಗೆ ಹಾಕಬೇಡಿ." ಇನ್ನೂರು ಜನರಲ್ಲಿ ನೂರೈವತ್ತು ಜನ ನನ್ನ ಗಿರಾಕಿಗಳು. ಹೇಳಿ ಮುಗಿಸಿದ ಮೇಲೆ ನಾನು ಹೇಳಿದ್ದು ಏನೆಂದು ನನಗೇ ಗೊತ್ತಾಯಿತು. ಸೋಮವಾರದಿಂದ ನನ್ನ ಬಾಗಿಲಿಗೆ ಯಾರೂ ಬರಲಾರರೆಂದು ಅನಿಸಿತು.

ಪಾಕ್ ಹೆಂದಾರ್ತೊ ಮುಂದೆ ಬಂದು, ನಾನು ಹೇಳುವುದು ಸುಳ್ಳೆಂದೂ, ಮಿಡತೆಗಳು ಡಬ್ಬಿಯೊಳಗೆ ಚೆನ್ನಾಗಿ ಜಿಗಿಯುತ್ತಿವೆಯೆಂದೂ, ವಿಷವಿದ್ದರೆ ಸತ್ತು ಬಿದ್ದಿರಬೇಕಿತ್ತೆಂದೂ, ಮುಂದಿನ ಓತಿಯನ್ನು ತರಬೇಕೆಂದೂ ಹೇಳಿದರು. ಸತ್ತ ಮಿಡತೆ ಯಾರನ್ನೂ ಕೊಲ್ಲುವುದಿಲ್ಲ, ಸಾಯದೆ ಜಿಗಿಯುವ ಮಿಡತೆಯೇ ಕೊಲ್ಲುವುದು ಎಂದು ನಾನು ಹೇಳಿದೆ. ಹೆಂಗಸಿನ ಹುಚ್ಚು ಮಾತು ಎಂದರು. ಆಗ ನಾನು ಡಬ್ಬಿಯಿಂದ ಎದ್ದು, ಒಂದೇ ಒಂದು ಮಿಡತೆ ತೆಗೆದು, ಕಾಲು ಹಿಡಿದು ಅವರ ಮುಂದೆ ಚಾಚಿದೆ. "ತಗೊಳ್ಳಿ. ಮೊದಲು ನಿಮ್ಮ ಬಾರೊನ್‌ಗೆ ಹಾಕಿ. ಅವನು ತಿಂದ ಮೇಲೆ ನಾನೇ ಡಬ್ಬಿ ಕೊಡ್ತೀನಿ," ಎಂದೆ. ಬಾರೊನ್ ಎಂದರೆ ಅವರದೇ ಓತಿ, ಪಕ್ಕದ ಮೇಜಿನ ಮೇಲೆ ಕೆಂಪು ದಿಂಬಿನ ಮೇಲೆ ಮಲಗಿತ್ತು.

ಅವರು ಮಿಡತೆಯನ್ನು ಇಸಿದುಕೊಂಡರು. ಬೆಳಕಿಗೆ ಹಿಡಿದು ನೋಡಿದರು. ಮೂಸಿದರು. ಬಾರೊನ್‌ನ ಮೇಜಿನ ತನಕ ನಾಲ್ಕು ಹೆಜ್ಜೆ ಹೋದರು. ಬಾರೊನ್ ಮಿಡತೆಯನ್ನು ಕಂಡು ದಿಂಬಿನಿಂದ ಎದ್ದು ಗಡ್ಡ ಉಬ್ಬಿಸಿ ಮುಂದೆ ಬಂತು. ಅವರು ಸುಮಾರು ಅರ್ಧ ನಿಮಿಷ ಹಾಗೇ ನಿಂತು, ತಿರುಗಿ ಬಂದು, ಮಿಡತೆಯನ್ನು ನನ್ನ ಡಬ್ಬಿಗೇ ಹಾಕಿ ಮುಚ್ಚಳ ಹಾಕಿದರು. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಓತಿಗಳನ್ನು ಪೆಟ್ಟಿಗೆಗೆ ಹಾಕಿಕೊಂಡರು. ಆಗ 1 ಗಂಟೆ 51 ನಿಮಿಷ.

ಆದರೂ ಪಾಕ್ ತುಕಿರಾನ್ ಬಿಡಲಿಲ್ಲ. ಅವರು ಪೊಲೀಸರಿಗೆ ಫೋನ್ ಮಾಡಿಸಿದರು. ಅದು ಅವರ ಹಕ್ಕು. ಠಾಣೆಗೆ ಬರುವ ಮೊದಲು ನಾನು ಒಂದನ್ನು ಮಾತ್ರ ಕೇಳಿಕೊಂಡೆ, ಮೆನಿಕ್‌ಳನ್ನು ಬೆಚ್ಚಗೆ ಇಡಬೇಕೆಂದೂ, ಜೊಲ್ಲು ಸುರಿಸಿದರೆ, ಕಾಲು ಅದುರಿದರೆ ಕೂಡಲೇ ಪಶುವೈದ್ಯರ ಹತ್ತಿರ ಒಯ್ಯಬೇಕೆಂದೂ. ಅವರು ನನ್ನ ಮುಖ ನೋಡಲಿಲ್ಲ. 2 ಗಂಟೆ 40 ನಿಮಿಷಕ್ಕೆ, ಪೊಲೀಸ್ ಜೀಪಿನಲ್ಲಿರುವಾಗ, ನನ್ನ ಗಂಡ ಫೋನ್ ಮಾಡಿದರು. ಪಾರ್ಜೊ ಸಿಕ್ಕಿದನೆಂದೂ, ಗುರುವಾರ ಮಳೆ ಬಂದು ತೇಗದ ಕಾಡಿನಲ್ಲಿ ಮಿಡತೆ ಸಾಕಷ್ಟು ಸಿಗದೆ ಸುಮಾರು ನೂರನ್ನು ಕಡಲೆಕಾಯಿ ಹೊಲದ ಬದುವಿನಲ್ಲಿ ಹಿಡಿದು ಸೇರಿಸಿದನೆಂದೂ, ಆ ಹೊಲಕ್ಕೆ ಬುಧವಾರ ಔಷಧಿ ಹೊಡೆದಿದ್ದರೆಂದೂ, ಅವನು ಅಳುತ್ತಿದ್ದಾನೆಂದೂ ತಿಳಿಸಿದರು. ಜೀಪಿನಲ್ಲಿದ್ದ ಪೊಲೀಸಿನವರೂ ಇದನ್ನು ಕೇಳಿದ್ದಾರೆ. ಪಾರ್ಜೊನ ಮೇಲೆ ನಾನು ದೂರು ಕೊಡುವುದಿಲ್ಲ. ಆದರೆ ಇನ್ನು ಮುಂದೆ ಅವನ ಚೀಲ ನನ್ನ ಹೊಸಿಲು ದಾಟುವುದಿಲ್ಲ. ಡಬ್ಬಿಯನ್ನು ಠಾಣೆಗೆ ಒಪ್ಪಿಸಿದ್ದೇನೆ. ಅದನ್ನು ಯಾರೂ ತೆರೆಯಬಾರದು. ಠಾಣೆಯ ಹಿತ್ತಿಲಿನ ಕೋಳಿಗೂ ಹಾಕಬಾರದು.

ಈ ಹೇಳಿಕೆ ಬರೆಸುತ್ತಿರುವಾಗ, ಸಂಜೆ 5 ಗಂಟೆ 20 ನಿಮಿಷಕ್ಕೆ, ಪಾಕ್ ತುಕಿರಾನ್ ತಮ್ಮ ದೂರಿಗೆ ಸಹಿ ಹಾಕಲು ಒಳಗೆ ಬಂದರು. ಮೆನಿಕ್ ಅವರ ಹೆಗಲ ಮೇಲಿದ್ದಳು, ಕಣ್ಣು ಚುರುಕಾಗಿತ್ತು, ಕಾಲು ಅದುರುತ್ತಿರಲಿಲ್ಲ. ನೋಡಿದ್ದೇ ನನಗೆ ಅಳು ಬಂತು, ನಗುವೂ ಬಂತು, ಅಧಿಕಾರಿಗಳು ನೀರು ಕೊಟ್ಟರು. ಪಾಕ್ ತುಕಿರಾನ್ ಸಹಿ ಹಾಕಿದರು. ದೂರು ವಾಪಸು ತೆಗೆದುಕೊಳ್ಳುತ್ತೀರಾ ಎಂದು ಅಧಿಕಾರಿಗಳು ಕೇಳಿದ್ದಕ್ಕೆ ಇಲ್ಲವೆಂದರು. ಬಾಗಿಲ ತನಕ ಹೋದವರು ನಿಂತರು. ಗೋಡೆಯ ಕಡೆ ನೋಡುತ್ತಲೇ ನನ್ನನ್ನು ಕೇಳಿದರು: "ನಾಳೆ ಬೆಳಿಗ್ಗೆ ಇವಳಿಗೆ ಏನು ಹಾಕ್ಲಿ?"

ಚಿಮ್ಮಂಡೆ, ನಡು ಗಾತ್ರದ್ದು, ಸುಣ್ಣದ ಪುಡಿ ಉದುರಿಸಿ ಆರು ಮಾತ್ರ ಎಂದು ಹೇಳಿದೆ. ನಿನ್ನ ಪೆಟ್ಟಿಗೆಯದ್ದೇ ತಾನೆ ಎಂದು ಕೇಳಿದರು. ಹೌದೆಂದೆ. ಏಳು ಗಂಟೆಗೆ ಬರುತ್ತೇನೆ ಎಂದು ಹೇಳಿ ಹೋದರು.

ಇಲ್ಲಿ ಬರೆದಿರುವುದು ನಾನು ಕಂಡದ್ದು, ಮಾಡಿದ್ದು ಮತ್ತು ಮಾಡದೆ ಬಿಟ್ಟದ್ದು. ಅಧಿಕಾರಿಗಳು ಓದಿ ಹೇಳಿದರು, ಎರಡು ಕಡೆ ಹೊತ್ತು ತಪ್ಪಾಗಿತ್ತು, ತಿದ್ದಿಸಿದ್ದೇನೆ. ಯಾರ ಒತ್ತಾಯವೂ ಇಲ್ಲದೆ, ಇಷ್ಟೂ ನಿಜವೆಂದು ಒಪ್ಪಿ ರುಜು ಮಾಡಿದ್ದೇನೆ. ಬಲಗೈ ಬೆರಳಿಗೆ ಪಟ್ಟಿ ಕಟ್ಟಿರುವುದರಿಂದ ರುಜು ಎಡಗೈಯದು.

ಸ್ಥಳ: ವೊನೋಸಾರಿ ಪೊಲೀಸ್ ಠಾಣೆ
ದಿನಾಂಕ: 18 ಫೆಬ್ರವರಿ 2024, ಭಾನುವಾರ, ಸಂಜೆ 5 ಗಂಟೆ 45 ನಿಮಿಷ
ರುಜು: ರುಬಿಯಾಂತಿ